ದಾಯಾದಿಗಳ ಹುಡುಕಾಟ: ಮೂರು ತಾಲ್ಲೂಕು, ಮೂರು ಕವಲು

ನಿಮ್ಮ ಮನೆತನದ ಮೂಲ ಯಾವುದು ಎಂದು ಮಲೆನಾಡಿನ ಯಾವ ಹವ್ಯಕರ ಮನೆಯಲ್ಲಿ ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ. ಕದಂಬರ ಮಯೂರವರ್ಮನು ಅಹಿಚ್ಛತ್ರದಿಂದ ಕರೆತಂದ ಬ್ರಾಹ್ಮಣರ ಸಂತತಿ ನಾವು ಎನ್ನುತ್ತಾರೆ. ಅಲ್ಲಿಂದ ಮುಂದೆ ಏನಾಯಿತು ಎಂದು ಕೇಳಿದರೆ, "ನಮ್ಮ ಮುತ್ತಜ್ಜನ ಅಪ್ಪನಿಗೆ ನಾಲ್ಕು ಜನ ಗಂಡುಮಕ್ಕಳು" ಎಂದು ಕಥೆ ಮತ್ತೆ ಪ್ರಾರಂಭವಾಗುತ್ತದೆ. ನಡುವಿನ ಸಾವಿರದ ನಾನೂರು ವರ್ಷಗಳು ಖಾಲಿ. ನಮ್ಮ ಮನೆಯಲ್ಲಿಯೂ ಇದೇ ಕಥೆ ನಡೆದುಬಂದಿತ್ತು. ನಿವೃತ್ತನಾದ ಮೇಲೆ, ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಚದುರಿಹೋಗಿದ್ದ ನಮ್ಮ ದಾಯಾದಿಗಳೊಡನೆ ಕೂಡಿ ವಂಶವೃಕ್ಷವನ್ನು ಬರೆಯಲು ಹೊರಟಾಗ ಕಂಡುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ನಿವೇದಿಸುತ್ತಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇದೇ ಕೆಲಸದಲ್ಲಿ ತೊಡಗಿದ್ದೀರೆಂದು ಕೇಳಿದ್ದೇನೆ. ಅವರಿಗೆ ಉಪಯೋಗವಾದೀತು.

ಮೊದಲು ಶಾಸನಗಳ ವಿಷಯ. ಬಿ. ಎಲ್. ರೈಸ್ ಅವರು ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಎಂಟನೆಯ ಸಂಪುಟ 1904ರಲ್ಲಿ ಪ್ರಕಟವಾಯಿತು. ಸೊರಬ, ಸಾಗರ, ನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಅಗ್ರಹಾರಗಳ ದಾನಶಾಸನಗಳಲ್ಲಿ ವೃತ್ತಿ ಪಡೆದವನ ಹೆಸರು, ತಂದೆಯ ಹೆಸರು, ಗೋತ್ರ, ಸೂತ್ರ, ಶಾಖೆ ಎಲ್ಲವೂ ಕ್ರಮವಾಗಿ ಬರುತ್ತವೆ. ನಮ್ಮ ಬಂಧುಗಳೊಬ್ಬರು ಇಂಥದೊಂದು ಶಾಸನದಲ್ಲಿ ನಮ್ಮ ಗೋತ್ರದವರ ಹೆಸರನ್ನು ಕಂಡು, ಅವರೇ ನಮ್ಮ ಮೂಲಪುರುಷರೆಂದು ನಿಶ್ಚಯಿಸಿ, ವಂಶವೃಕ್ಷದ ಬುಡದಲ್ಲಿ ಬರೆದುಬಿಟ್ಟಿದ್ದರು. ಒಂದೇ ಗೋತ್ರದ ಮನೆಗಳು ಒಂದೇ ಸೀಮೆಯಲ್ಲಿ ನೂರಾರು ಇರುತ್ತವೆ. ಆ ಹೆಸರಿಗೂ ನಮಗೆ ತಿಳಿದ ಮೊದಲನೆಯ ಹೆಸರಿಗೂ ನಡುವೆ ಇನ್ನೂರು ವರ್ಷಗಳ ಅಂತರವಿತ್ತು. ಒಂದು ತಲೆಮಾರಿನ ಕೊಂಡಿಯೂ ಇರಲಿಲ್ಲ. ನಾನು ಅದನ್ನು ಅಳಿಸಿದೆ. ಅವರಿಗೆ ಸ್ವಲ್ಪ ಬೇಸರವಾಯಿತೆಂದು ಕಾಣುತ್ತದೆ.

ವಂಶವನ್ನು ಹುಡುಕುವವರು ಬೇರಿನಿಂದ ಹೊರಡಬಾರದು, ತುದಿಯಿಂದ ಹೊರಡಬೇಕು. ತನ್ನಿಂದ ತಂದೆಗೆ, ತಂದೆಯಿಂದ ಅಜ್ಜನಿಗೆ ಹೋಗಬೇಕು. ಇದಕ್ಕೆ ನಮ್ಮಲ್ಲಿ ಶ್ರಾದ್ಧಕರ್ಮವೇ ಮೊದಲ ದಾಖಲೆ. ಶ್ರಾದ್ಧದಲ್ಲಿ ತಂದೆ, ಅಜ್ಜ, ಮುತ್ತಜ್ಜ ಈ ಮೂವರನ್ನು ವಸು, ರುದ್ರ, ಆದಿತ್ಯ ಸ್ವರೂಪರೆಂದು ಹೆಸರು ಹಿಡಿದು ಕರೆಯಬೇಕು. ತರ್ಪಣದಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರೂ ಬರುತ್ತದೆ. ಹೆಸರು ಮರೆತುಹೋಗಬಾರದೆಂದು ಹಿರಿಯರು ಇದನ್ನು ಚೀಟಿಯಲ್ಲಿ ಬರೆದಿಡುತ್ತಿದ್ದರು. ನನ್ನ ಚೀಟಿ ನನ್ನನ್ನು ಮುತ್ತಜ್ಜನವರೆಗೆ ಒಯ್ಯುತ್ತದೆ. ಆದರೆ ನನ್ನ ಅಜ್ಜನವರು ತಮ್ಮ ಉಪಯೋಗಕ್ಕೆ ಬರೆದುಕೊಂಡ ಚೀಟಿ ಸಿಕ್ಕಿದರೆ, ಅದು ಅಜ್ಜನ ಮುತ್ತಜ್ಜನವರೆಗೆ, ಅಂದರೆ ನನ್ನಿಂದ ಆರನೆಯ ತಲೆಯವರೆಗೆ ಹೋಗುತ್ತದೆ. ಪಂಚಾಂಗಗಳ ಕಟ್ಟಿನ ನಡುವೆ ನಮಗೆ ಅದು ಸಿಕ್ಕಿತು. ಆದ್ದರಿಂದ ಮನೆಯಲ್ಲಿರುವ ಹಳೆಯ ಪಂಚಾಂಗಗಳನ್ನು ಬಿಡಿಸಿ ನೋಡದೆ ಒಲೆಗೆ ಹಾಕಬೇಡಿರಿ.

ಎರಡನೆಯದು ಸೂತಕ. ಏಳು ತಲೆಯೊಳಗಿನ ದಾಯಾದಿಗಳು ಸತ್ತರೆ ಹತ್ತು ದಿನ, ಅದರಾಚೆ ಹದಿನಾಲ್ಕು ತಲೆಯವರೆಗೆ ಮೂರು ದಿನ ಎಂಬ ಲೆಕ್ಕವನ್ನು ಬಂಧುಗಳು ಬಲ್ಲಿರಿ. ದೂರದ ದಾಯಾದಿಗಳನ್ನು ಪತ್ತೆ ಮಾಡಬೇಕಾದರೆ, "ನಿಮಗೆ ಯಾರ ಸೂತಕ ಬರುತ್ತದೆ?" ಎಂದು ಮನೆಯ ಹಿರಿಯ ಹೆಂಗಸರನ್ನು ಕೇಳಬೇಕು. ಗಂಡಸರಿಗಿಂತ ಅವರಿಗೆ ಚೆನ್ನಾಗಿ ನೆನಪಿರುತ್ತದೆ. ಅಡುಗೆಮನೆಯ ಮೈಲಿಗೆಯ ಕಷ್ಟ ಅನುಭವಿಸಿದವರು ಅವರೇ ತಾನೆ! ಹೊಸನಗರ ತಾಲ್ಲೂಕಿನ ನಗರ ಹೋಬಳಿಯಲ್ಲಿರುವ ನಮ್ಮ ಎರಡನೆಯ ಕವಲು ಪತ್ತೆಯಾದದ್ದು ಹೀಗೆ. ಈ ಪದ್ಧತಿಯ ಒಂದು ತೊಡಕೆಂದರೆ, ಸಾವಿನ ಸುದ್ದಿಯ ಕಾಗದವನ್ನು ಮನೆಯೊಳಗೆ ಇಟ್ಟುಕೊಳ್ಳುವ ರೂಢಿಯಿರಲಿಲ್ಲ. ಓದಿದೊಡನೆ ಹರಿದು ಹಾಕಿ ಸ್ನಾನಕ್ಕೆ ಹೋಗುತ್ತಿದ್ದರು. ನೆಂಟಸ್ತಿಕೆಗೆ ಅತ್ಯುತ್ತಮ ಸಾಕ್ಷಿಯಾಗಬಹುದಾಗಿದ್ದ ಕಾಗದಗಳೆಲ್ಲ ಹೀಗೆ ಹಿತ್ತಿಲಿನಲ್ಲಿ ನಾಶವಾದವು.

ಬಯಲುಸೀಮೆಯವರಿಗೆ ಈ ಕಷ್ಟ ಕಡಿಮೆ. ಅಲ್ಲಿ ಅನೇಕ ಒಕ್ಕಲು ಮನೆತನಗಳಿಗೆ ಹೆಳವರಿದ್ದಾರೆ. ಎತ್ತಿನ ಮೇಲೆ ಕುಳಿತು ಮನೆಯ ಮುಂದೆ ಬಂದು, ಆ ಮನೆತನದ ತಲೆತಲಾಂತರವನ್ನು ಒಪ್ಪಿಸಿ, ಕಾಳುಕಡ್ಡಿ ಪಡೆದು ಹೋಗುವುದು ಅವರ ವೃತ್ತಿ. ನಮ್ಮ ಕಾಡಿನ ಒಂಟಿಮನೆಗಳನ್ನು ಹುಡುಕಿಕೊಂಡು ಬಂದು ನಮ್ಮ ವಂಶವನ್ನು ಹೇಳುವವರು ಯಾರೂ ಇರಲಿಲ್ಲ. ನಮ್ಮನ್ನು ತಪ್ಪದೆ ನೆನೆದುಕೊಂಡದ್ದು ಕಂದಾಯ ಇಲಾಖೆ ಮಾತ್ರ.

ಇದು ತಮಾಷೆಯ ಮಾತಲ್ಲ. ಕೆಳದಿಯ ಶಿವಪ್ಪನಾಯಕನ (1645–1660) ಶಿಸ್ತು ಪ್ರಸಿದ್ಧವಾದುದು. ಐದು ವರ್ಷಗಳ ಕಾಲ ಗ್ರಾಮಗ್ರಾಮಗಳಲ್ಲಿ ಬೇರೆ ಬೇರೆ ಗುಣದ ಭೂಮಿಯನ್ನು ಅರಮನೆಯ ವತಿಯಿಂದ ಸಾಗುವಳಿ ಮಾಡಿಸಿ, ಖರ್ಚನ್ನೂ ಹುಟ್ಟುವಳಿಯನ್ನೂ ಬರೆಯಿಸಿ, ಹುಟ್ಟುವಳಿಯ ಮೂರನೆಯ ಒಂದು ಪಾಲನ್ನು ರಾಜನ ಭಾಗವೆಂದು ಗೊತ್ತುಪಡಿಸಿದನೆಂದು ಮೈಸೂರು ಗೆಜೆಟಿಯರ್ ತಿಳಿಸುತ್ತದೆ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರನಗರವೆಂದು ಕರೆದ ಮೇಲೆಯೂ, 1799ರ ಅನಂತರ ಸೀಮೆಯು ಮೈಸೂರು ಒಡೆಯರಿಗೆ ಬಂದ ಮೇಲೆಯೂ, ತೆರಿಗೆಯ ಮಾತು ಬಂದಾಗ ರೈತರು ಹಳೆಯ ಶಿಸ್ತನ್ನೇ ನೆನೆಯುತ್ತಿದ್ದರು. ಗದ್ದೆಯನ್ನು ಬೀಜವರಿಯ ಮೇಲೆ, ತೋಟವನ್ನು ಮರಗಳ ಮೇಲೆ ಎಣಿಸಿ, ಯಾರಿಂದ ಎಷ್ಟು ಬರಬೇಕೆಂದು ಶಾನುಭೋಗರು ಕಡತದಲ್ಲಿ ಬರೆದರು. ಕಡತವೆಂದರೆ ಇಂದಿನ ಫೈಲಲ್ಲ. ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲು ಬಳಿದು ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕ. ಹುಟ್ಟಿದ ದಿನ, ಸತ್ತ ದಿನ, ಮದುವೆ ಇವು ಅದರಲ್ಲಿಲ್ಲ. ಹಣ ಕೊಡಬೇಕಾದವನ ಹೆಸರಿದೆ, ಅವನು ಯಾರ ಮಗನೆಂಬುದಿದೆ. 'ಬಿನ್' ಎಂಬ ಅರಬ್ಬೀ ಶಬ್ದವು ನಮ್ಮ ಪಹಣಿಯಲ್ಲಿ ಇಂದಿಗೂ ಉಳಿದುಕೊಂಡು ಬಂದಿದೆ. ವಂಶವನ್ನು ಹುಡುಕುವವನಿಗೆ ಆ ಎರಡಕ್ಷರಕ್ಕಿಂತ ಬೆಲೆಯುಳ್ಳ ಶಬ್ದ ಇನ್ನೊಂದಿಲ್ಲ.

ಹುಡುಕುವವರು ತಾಲ್ಲೂಕುಗಳ ಹೆಸರು ಬದಲಾದುದನ್ನೂ ಗಮನದಲ್ಲಿಡಬೇಕು. ಇಂದಿನ ಹೊಸನಗರ ಹಿಂದೆ ಕಲ್ಲೂರುಕಟ್ಟೆ ಎಂಬ ಹಳ್ಳಿ. ತಾಲ್ಲೂಕಿನ ಕಚೇರಿ ನಗರದಲ್ಲಿತ್ತು. ತೀರ್ಥಹಳ್ಳಿಯು ಮೊದಲು ಕವಲೇದುರ್ಗ ತಾಲ್ಲೂಕಾಗಿತ್ತು. ತೀರ್ಥಹಳ್ಳಿ ಎಂಬ ಹೆಸರನ್ನೇ ಹುಡುಕುತ್ತ ಕುಳಿತರೆ ಹಳೆಯ ಕಾಗದಗಳು ಕೈಗೆ ಸಿಗುವುದಿಲ್ಲ.

ಇನ್ನು ನಮ್ಮ ಮನೆಯ ಸಂಗತಿ. ಮೂವರು ಅಣ್ಣತಮ್ಮಂದಿರು. ಹಿರಿಯವನ ಸಂತತಿ ನಾವು, ಸಾಗರದವರು. ನಡುವಿನವನು ನಗರದ ಕಡೆಗೆ ಮನೆ ಅಳಿಯನಾಗಿ ಹೋದನು. ಕಿರಿಯವನು ತೀರ್ಥಹಳ್ಳಿಯ ಕಡೆ ಹೋದನು. ಕಿರಿಯವನ ವಿಷಯವಾಗಿ ನಮ್ಮ ಮನೆಯಲ್ಲಿ ಹೇಳುತ್ತಿದ್ದ ಕಥೆ ಒಳ್ಳೆಯದಾಗಿರಲಿಲ್ಲ. ಮನೆದೇವರ ಸಾಲಿಗ್ರಾಮದ ಪೆಟ್ಟಿಗೆಯನ್ನು ರಾತ್ರೋರಾತ್ರಿ ಕದ್ದುಕೊಂಡು ಓಡಿಹೋದನು, ಅಂದಿನಿಂದ ಮನೆಗೆ ಏಳಿಗೆಯಿಲ್ಲ ಎಂದು ಅಜ್ಜಿ ಹೇಳುತ್ತಿದ್ದರು. ಅಡಕೆಗೆ ಕೊಳೆರೋಗ ಬಂದರೂ, ಎಮ್ಮೆ ಗಬ್ಬವಾಗದಿದ್ದರೂ ಆ ಪೆಟ್ಟಿಗೆಯ ಮಾತು ಬರುತ್ತಿತ್ತು. ಆ ಕವಲಿನೊಂದಿಗೆ ಹೋಗಿಬರುವುದು, ಊಟ, ಸೂತಕ ಯಾವುದೂ ಇರಲಿಲ್ಲ. ಆಶ್ಚರ್ಯವೆಂದರೆ ಅತ್ತಲಿನವರಿಗೂ ಈ ಕಥೆ ಗೊತ್ತಿತ್ತು. ತೀರ್ಥಹಳ್ಳಿಯ ಕವಲಿನ ಹಿರಿಯರನ್ನು ಮೊದಲ ಬಾರಿ ಕಂಡಾಗ ಅವರಿಗೆ ಎಂಬತ್ತೈದು ದಾಟಿತ್ತು. ನನ್ನ ಅಪ್ಪಯ್ಯನ ತಲೆಮಾರಿನವರಾದ್ದರಿಂದ ನಾನು ಅವರನ್ನು ದೊಡ್ಡಪ್ಪ ಎಂದೇ ಕರೆದೆ. ಕಾಫಿ ಕೊಟ್ಟ ಮೇಲೆ ಅವರು ಕೇಳಿದ ಮೊದಲನೆಯ ಪ್ರಶ್ನೆ, "ಪೆಟ್ಟಿಗೆ ತಗಂಡು ಹೋಪಲೆ ಬಂದದ್ದಾ?" ನಕ್ಕುಕೊಂಡೇ ಕೇಳಿದರು. ಆದರೆ ಆ ಪ್ರಶ್ನೆಯನ್ನು ಅವರು ಚಿಕ್ಕಂದಿನಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದರೆಂಬುದು ಸ್ಪಷ್ಟವಾಗಿತ್ತು.

ಕಾಗದ ಸಿಕ್ಕಿದ್ದು ನಡುವಿನ ಕವಲಿನಲ್ಲಿ. ನಗರ ಹೋಬಳಿಯ ಮನೆಯ ಮಾಳಿಗೆಯಲ್ಲಿ ತಾಳೆಗರಿಯ ಕಟ್ಟುಗಳ ಜೊತೆ ಕೈಕಾಗದದ ಎರಡು ಹಾಳೆಗಳಿದ್ದವು. ತಾಳೆಗರಿಯವು ತಿಗಳಾರಿ ಲಿಪಿಯ ಪ್ರಯೋಗಗ್ರಂಥಗಳು. ವಂಶದ ದೃಷ್ಟಿಯಿಂದ ಅವುಗಳಲ್ಲಿ ಏನೂ ಇರಲಿಲ್ಲ. ಕಾಗದಗಳು ಶಾನುಭೋಗರ ಮೋಡಿ ಕನ್ನಡದಲ್ಲಿದ್ದವು. ಅಕ್ಷರ ಬಿಡಿಸಲು ಹಳೆಯ ಶಾನುಭೋಗರ ಮನೆಯ ಹಿರಿಯರೊಬ್ಬರ ಸಹಾಯ ಬೇಕಾಯಿತು. ಇಂಥ ಬರಹಗಳು ಸಿಕ್ಕಿದಾಗ ಸಾಗರದ ಬಳಿಯ ಕೆಳದಿಯಲ್ಲಿ ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ ವಸ್ತುಸಂಗ್ರಹಾಲಯದ ಸಂಗ್ರಹವನ್ನು ಒಮ್ಮೆ ನೋಡಿದರೆ, ಆ ಕಾಲದ ಅಕ್ಷರ ಹೇಗಿರುತ್ತಿತ್ತೆಂಬ ಕಲ್ಪನೆ ಬರುತ್ತದೆ.

ಮೊದಲನೆಯ ಹಾಳೆ ವಿಕೃತಿ ಸಂವತ್ಸರದ ಮುಚ್ಚಳಿಕೆ. ಮೂವರೂ ಒಟ್ಟಾಗಿ ತೋಟದ ಕಂದಾಯದ ಬಾಕಿಯನ್ನು ಕಟ್ಟುವುದಾಗಿ ಬರೆದುಕೊಟ್ಟದ್ದು. ಮೂವರ ಹೆಸರಿನ ಮುಂದೆಯೂ ಒಬ್ಬನೇ ತಂದೆಯ ಹೆಸರು. ಇದರಿಂದ ಏಳನೆಯ ತಲೆಯ ಹೆಸರು ನಮಗೆ ಸಿಕ್ಕಿತು. ಎರಡನೆಯದು ಖರ ಸಂವತ್ಸರದ್ದು. ಬಾಕಿಯಲ್ಲಿ ತನ್ನ ಪಾಲಿಗೆ ಬಂದುದನ್ನು ಕಟ್ಟಲಾರದ ಕಿರಿಯವನು ತನ್ನ ಭಾಗದ ಮರಗಳನ್ನು ಅಣ್ಣನಿಗೆ ಬಿಟ್ಟುಕೊಡುತ್ತಾನೆ. ಬಾಕಿಯನ್ನು ಅಣ್ಣನು ವಹಿಸಿಕೊಳ್ಳುತ್ತಾನೆ. ದೇವರ ಪೆಟ್ಟಿಗೆ ಮತ್ತು ಒಂದು ತಾಮ್ರದ ಹಂಡೆಯನ್ನು ಕಿರಿಯವನು ತೆಗೆದುಕೊಂಡು ಹೋಗತಕ್ಕದ್ದೆಂದು ಅಣ್ಣನೇ ಬರೆದುಕೊಟ್ಟಿದ್ದಾನೆ. ನಡುವಿನವನ ಸಾಕ್ಷಿ ರುಜುವಿದೆ. ಪ್ರತಿ ಅವನ ಮನೆಯಲ್ಲಿ ಉಳಿದದ್ದಕ್ಕೆ ಅದೇ ಕಾರಣ.

ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆಂಬುದನ್ನು ತರಗತಿಯಲ್ಲಿ ಹೇಳಿದ್ದು ನಿಮಗೆ ನೆನಪಿರಬಹುದು. ಶಕವರ್ಷ ಬರೆಯದಿದ್ದರೆ ವಿಕೃತಿ ಎಂದರೆ 1770 ಆಗಬಹುದು, 1830 ಆಗಬಹುದು, 1890 ಆಗಬಹುದು. ಕಾಗದದಲ್ಲಿ ನಗರದ ಫೌಜುದಾರರ ಉಲ್ಲೇಖವಿತ್ತು. 1831ರಲ್ಲಿ ಮೈಸೂರಿನ ಆಡಳಿತವನ್ನು ಇಂಗ್ಲಿಷರು ವಹಿಸಿಕೊಂಡು ನಗರ ವಿಭಾಗಕ್ಕೆ ಸೂಪರಿಂಟೆಂಡೆಂಟರನ್ನು ನೇಮಿಸಿದ ಮೇಲೆ ಆ ಹುದ್ದೆ ಉಳಿಯಲಿಲ್ಲ. ಆದ್ದರಿಂದ 1890 ಅಲ್ಲ. ಅಜ್ಜನ ತರ್ಪಣದ ಚೀಟಿಯಲ್ಲಿರುವ ಆರನೆಯ ತಲೆಯ ಹೆಸರೂ ಮುಚ್ಚಳಿಕೆಯ ಹಿರಿಯ ಅಣ್ಣನ ಹೆಸರೂ ಒಂದೇ. ತಲೆಮಾರಿಗೆ ಮೂವತ್ತು ವರ್ಷ ಹಿಡಿದರೆ ಅವನು 1770ರಲ್ಲಿ ಹುಟ್ಟಿರುವುದೇ ಸಾಧ್ಯವಿಲ್ಲ. ಹೀಗೆ ಉಳಿಯುವುದು 1830–31.

ಆ ವರ್ಷ ಯಾವುದೆಂದು ತಿಳಿದೊಡನೆ ಉಳಿದುದೆಲ್ಲ ಅರ್ಥವಾಯಿತು. ಅದು ನಗರದ ದಂಗೆಯ ಕಾಲ. ಮುಮ್ಮಡಿ ಕೃಷ್ಣರಾಜ ಒಡೆಯರ ಸರ್ಕಾರದಲ್ಲಿ 'ಶರತ್ತು' ಎಂಬ ಪದ್ಧತಿಯಿತ್ತು. ಇಷ್ಟು ಹಣವನ್ನು ತಾಲ್ಲೂಕಿನಿಂದ ಎತ್ತಿಕೊಡುತ್ತೇನೆಂದು ಅಮಲ್ದಾರನು ಕರಾರು ಬರೆದುಕೊಡಬೇಕು. ಎತ್ತಲು ಅವನು ಯಾವ ಮಾರ್ಗ ಹಿಡಿದರೂ ಕೇಳುವವರಿಲ್ಲ. ರೈತರು ಕೂಟ ಕಟ್ಟಿ ಕಂದಾಯ ಕೊಡುವುದಿಲ್ಲವೆಂದರು. ಬೂದಿ ಬಸವಪ್ಪನೆಂಬುವನು ತಾನು ನಗರದ ಅರಸುಮನೆತನದವನೆಂದು ಹೇಳಿಕೊಂಡು ಮುಂದಾಳಾದನು. 1831ರಲ್ಲಿ ಇಂಗ್ಲಿಷರ ಸೈನ್ಯ ಬಂದು ದಂಗೆಯನ್ನು ಅಡಗಿಸಿತು. ಅದನ್ನೇ ನೆಪವಾಗಿ ಹಿಡಿದು ಅವರು ಒಡೆಯರ ಕೈಯಿಂದ ಆಡಳಿತವನ್ನು ತೆಗೆದುಕೊಂಡು ಐವತ್ತು ವರ್ಷ, 1881ರವರೆಗೆ, ತಾವೇ ನಡೆಸಿದರು. ಇದನ್ನು ನಾನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಆ ಕಂದಾಯದ ಬಾಕಿಯೇ ನಮ್ಮ ಮನೆಯನ್ನು ಮೂರಾಗಿ ಒಡೆದದ್ದೆಂಬುದು ಪಾಠಪುಸ್ತಕದಲ್ಲಿ ಇರಲಿಲ್ಲ. ಕಳವಿನ ಕಥೆ ಯಾವಾಗ ಹುಟ್ಟಿತೋ! ತಮ್ಮನ ಮರಗಳು ತಮ್ಮ ಕೈಗೆ ಹೇಗೆ ಬಂದವೆಂದು ಮಕ್ಕಳಿಗೆ ಹೇಳುವುದಕ್ಕಿಂತ, ಪೆಟ್ಟಿಗೆ ಹೇಗೆ ಹೋಯಿತೆಂದು ಹೇಳುವುದು ನಮ್ಮ ಕಡೆಯವರಿಗೆ ಸುಲಭವಾಗಿದ್ದಿರಬೇಕು.

ಕಾಗದದ ನಕಲನ್ನು ತೀರ್ಥಹಳ್ಳಿಗೆ ತೆಗೆದುಕೊಂಡು ಹೋಗಿ ದೊಡ್ಡಪ್ಪನವರಿಗೆ ಓದಿ ಹೇಳಿದೆವು. ಅವರು ಎರಡನೆಯ ಬಾರಿ ಓದಿಸಿದರು. "ಹಂಗಾರೆ ಕದ್ದದ್ದಲ್ಲ" ಎಂದರು. ಆಮೇಲೆ ಒಳಗೆ ಹೋಗಿ ಪೆಟ್ಟಿಗೆಯನ್ನು ತಂದು ತೋರಿಸಿದರು. ಹಲಸಿನ ಮರದ ಸಣ್ಣ ಪೆಟ್ಟಿಗೆ. ಹಂಡೆಯೂ ಬಚ್ಚಲಿನಲ್ಲಿ ಇತ್ತಂತೆ. ತೂತಾಗಿ ಮಾರಿದೆವೆಂದು ದೊಡ್ಡಮ್ಮ ಹೇಳಿದರು.

ನಮ್ಮ ಮೂಲಮನೆಯಲ್ಲಿಯೂ ಈ ಕಾಗದದ ಒಂದು ಪ್ರತಿ ಇದ್ದಿರಲೇಬೇಕು. ಆದರೆ ಆ ಮನೆಯೇ ಇಂದಿಲ್ಲ. ಅದು ಸಾಗರ ತಾಲ್ಲೂಕಿನ ಕರೂರು ಹೋಬಳಿಯಲ್ಲಿ, ಶರಾವತಿಯ ಹತ್ತಿರ ಇತ್ತು. ಮೊದಲು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಬಂದಿತು. ಆಗ ನಮ್ಮ ಗದ್ದೆಯ ಅಂಚಿಗೆ ನೀರು ಬಂದು ನಿಂತಿತಂತೆ. 1964ರಲ್ಲಿ ಲಿಂಗನಮಕ್ಕಿ ಪೂರ್ಣವಾದಾಗ ಮಡೆನೂರಿನ ಅಣೆಕಟ್ಟೂ ಅದರೊಡನೆ ನಮ್ಮ ಮನೆಯೂ ಮುಳುಗಿದವು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಆ ಹಳೆಯ ಅಣೆಕಟ್ಟು ಮೇಲೆ ಕಾಣಿಸಿಕೊಳ್ಳುತ್ತದೆ. ಸಾಮಾನು ಸಾಗಿಸುವಾಗ ಕಡತಗಳ ಪೆಟ್ಟಿಗೆ ಎಲ್ಲಿ ಹೋಯಿತೆಂದು ಯಾರೂ ಹೇಳಲಾರರು. ತುತ್ತಿನ ಚಿಂತೆಯಲ್ಲಿದ್ದವರಿಗೆ ಕಡತದ ಚಿಂತೆ ಹೇಗೆ ಬಂದೀತು?

ಮುಳುಗಡೆಯ ಸಂತ್ರಸ್ತರು ಶಿವಮೊಗ್ಗ, ಭದ್ರಾವತಿ, ಶಿಕಾರಿಪುರ, ಸೊರಬಗಳವರೆಗೆ ಚದುರಿದರು. ಯಾರು ಎಲ್ಲಿಗೆ ಹೋದರೆಂದು ತಿಳಿಯಲು ನನಗೆ ಅತ್ಯಂತ ಉಪಯುಕ್ತವೆಂದು ಕಂಡದ್ದು ಶಾಲೆಗಳ ದಾಖಲಾತಿ ಪುಸ್ತಕ. ಅದನ್ನು ಶಾಶ್ವತವಾಗಿ ಕಾಪಾಡಬೇಕೆಂಬ ನಿಯಮವಿದೆ. ಅದರಲ್ಲಿನ ಜನ್ಮದಿನಾಂಕವನ್ನು ನಂಬಬೇಡಿರಿ. ತಾಯಿ "ದೊಡ್ಡ ಮಳೆ ಬಂದ ವರ್ಷ ಹುಟ್ಟಿದ್ದು" ಎಂದರೆ ಮೇಷ್ಟರು ಶಾಲೆಗೆ ಸೇರಲು ಅನುಕೂಲವಾಗುವ ಒಂದು ತಾರೀಖನ್ನು ಬರೆದುಕೊಳ್ಳುತ್ತಿದ್ದರು. ತಂದೆಯ ಹೆಸರು, ಹಿಂದಿನ ಶಾಲೆ, ಶಾಲೆ ಬಿಟ್ಟ ಕಾರಣ ಇವನ್ನು ನಂಬಬಹುದು. ಅರವತ್ತರ ದಶಕದ ಮೊದಲ ವರ್ಷಗಳ ಒಂದು ಪುಸ್ತಕದಲ್ಲಿ 'ಶಾಲೆ ಬಿಡಲು ಕಾರಣ' ಎಂಬ ಅಂಕಣದಲ್ಲಿ, ಪುಟದ ಮೇಲಿನಿಂದ ಕೆಳಗಿನವರೆಗೂ 'ಮುಳುಗಡೆ', 'ಮುಳುಗಡೆ', 'ಸದರಿ', 'ಸದರಿ' ಎಂದು ಒಂದೇ ಕೈಬರಹದಲ್ಲಿ ಬರೆದಿತ್ತು. ಆ ಪುಟದ ಹೆಸರುಗಳಲ್ಲಿ ಇಬ್ಬರು ನಮ್ಮ ದಾಯಾದಿಗಳ ಮನೆಯವರು. ಅವರ ಮಕ್ಕಳು ಈಗ ಭದ್ರಾವತಿಯಲ್ಲಿದ್ದಾರೆ.

ಮುಳುಗಡೆಯಿಂದ ತಪ್ಪಿಸಿಕೊಂಡು ಬಂದದ್ದು ಅಜ್ಜನವರ ಗೇಣಿ ಪುಸ್ತಕವೊಂದೇ, ಏಕೆಂದರೆ ಅದು ಆಗ ಬಳಕೆಯಲ್ಲಿತ್ತು. ಒಬ್ಬ ಹಳೆಯ ವಿದ್ಯಾರ್ಥಿ, ದೀವರ ಸಮಾಜದವನು, ನನ್ನ ಹುಡುಕಾಟದ ವಿಷಯ ಕೇಳಿ ಮನೆಗೆ ಬಂದನು. "ಸರ್, ನಮ್ಮ ಅಜ್ಜನ ಹೆಸರಿನಿಂದ ಆಚೆ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ನಿಮ್ಮ ಮನೆಯ ಪುಸ್ತಕದಲ್ಲಿ ಇದ್ದರೂ ಇರಬಹುದಲ್ಲ?" ಎಂದನು. ಅವನ ಮನೆಯವರು ನಮ್ಮ ಗದ್ದೆಗೆ ಗೇಣಿದಾರರಾಗಿದ್ದರು. ಸರ್ಕಾರದ ಲೆಕ್ಕದಲ್ಲಿ ಖಾತೆದಾರನ ಹೆಸರಿರುತ್ತದೆಯೇ ಹೊರತು ಉಳುವವನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. 1974ರ ಭೂಸುಧಾರಣೆಯ ಅನಂತರ ನಮೂನೆ 7ರ ಅರ್ಜಿಗಳು ಬಂದ ಮೇಲೆ, ಭೂ ನ್ಯಾಯಮಂಡಳಿಯ ಕಡತಗಳಲ್ಲಿ ಅನೇಕ ಗೇಣಿದಾರ ಮನೆತನಗಳ ಹೆಸರು ಮೊದಲ ಬಾರಿಗೆ ಕಾಣುತ್ತದೆ. ಅದಕ್ಕೆ ಹಿಂದಿನದು ಬೇಕೆಂದರೆ ಒಡೆಯರ ಮನೆಯ ಪುಸ್ತಕವೇ ಗತಿ.

ಇಬ್ಬರೂ ಕುಳಿತು ಪುಟ ತಿರುವಿದೆವು. ಅವನ ಅಜ್ಜನ ಹೆಸರು, ಅದರ ಹಿಂದೆ ಅಜ್ಜನ ತಂದೆಯದು ಸಿಕ್ಕಿತು. 1918ರ ಇನ್‌ಫ್ಲುಯೆಂಜಾ ವರ್ಷದ ಪುಟದಲ್ಲಿ ಆ ಹೆಸರಿಗೆ ಗೀಟು ಎಳೆದು, ಕೆಳಗೆ ಒಬ್ಬ ಹೆಂಗಸಿನ ಹೆಸರನ್ನು ಬರೆದಿತ್ತು. ಗಂಡ ಸತ್ತ ಮೇಲೆ ಆ ತಾಯಿ ಹನ್ನೊಂದು ವರ್ಷ ಗೇಣಿ ಅಳೆದಿದ್ದಾಳೆ. ಅವಳ ಹೆಸರನ್ನು ಅವನು ಅಂದೇ ಮೊದಲು ಕೇಳಿದ್ದು. ಅದೇ ಪುಸ್ತಕದಲ್ಲಿ ನಮ್ಮ ಮುತ್ತಜ್ಜಿಯ ಹೆಸರಿಲ್ಲ. ತರ್ಪಣದ ಚೀಟಿಯಲ್ಲಿರುವುದು ಮದುವೆಯಲ್ಲಿ ಇಟ್ಟ ಹೆಸರು. ತವರಿನಲ್ಲಿ ಅವರನ್ನು ಏನೆಂದು ಕರೆಯುತ್ತಿದ್ದರೆಂದು ಹೇಳುವ ದಾಖಲೆ ಮೂರು ಕವಲುಗಳಲ್ಲಿ ಎಲ್ಲಿಯೂ ಸಿಕ್ಕಿಲ್ಲ. ನಮ್ಮ ವಂಶವೃಕ್ಷದಲ್ಲಿ ಏಳು ತಲೆಯ ಗಂಡಸರಿದ್ದಾರೆ, ಹೆಂಗಸರ ಹುಟ್ಟುಹೆಸರು ಎರಡು ತಲೆಗೇ ನಿಂತುಹೋಗಿದೆ.

ಗೇಣಿ ಪುಸ್ತಕದಲ್ಲಿ ಇನ್ನೊಂದು ವಿಷಯವಿತ್ತು. ಗೇಣಿ ಬಂದುದನ್ನು 'ದೊಡ್ಡ ಕೊಳಗ'ದ ಲೆಕ್ಕದಲ್ಲಿಯೂ, ಬೀಜಕ್ಕೂ ಹೊಟ್ಟೆಗೂ ಕೊಟ್ಟ ಸಾಲದ ಭತ್ತವನ್ನು 'ಸಣ್ಣ ಕೊಳಗ'ದ ಲೆಕ್ಕದಲ್ಲಿಯೂ ಬರೆದಿತ್ತು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಕೊಳಗದ ಅಳತೆಯೇ ಒಂದು ಮುಖ್ಯ ಕಾರಣವಾಗಿತ್ತು, ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು ಎಂದು ಅದೇ ಹುಡುಗನಿಗೆ ಹತ್ತನೆಯ ತರಗತಿಯಲ್ಲಿ ನಾನು ಹೇಳಿದ್ದುಂಟು. ಆ ಪುಟ ಬಂದಾಗ ಅವನು ಓದಿದನು, ನಾನೂ ಓದಿದೆ. ಅವನು ಏನೂ ಹೇಳಲಿಲ್ಲ. ಮೊಬೈಲಿನಲ್ಲಿ ಎಲ್ಲ ಪುಟಗಳ ಚಿತ್ರ ತೆಗೆದುಕೊಳ್ಳಬಹುದೇ ಎಂದು ಕೇಳಿದನು. ಆ ಪುಟವನ್ನೂ ಸೇರಿಸಿ ಎಲ್ಲವನ್ನೂ ತೆಗೆದುಕೊಳ್ಳೆಂದೆ. ನಮ್ಮ ಬಂಧುಗಳಲ್ಲಿ ಒಬ್ಬಿಬ್ಬರಿಗೆ ಇದು ಸರಿಕಾಣಲಿಲ್ಲ. ಅವನ ಮುತ್ತಜ್ಜಿಯ ಹೆಸರಿರುವ ಪುಸ್ತಕ ಅವನದೂ ಹೌದೆಂಬುದು ನನ್ನ ಅಭಿಪ್ರಾಯ.

ಅಮೆರಿಕದಲ್ಲಿರುವ ನನ್ನ ಅಣ್ಣನ ಮಗಳು ಇದನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಿದ್ದಾಳೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿಯಿಂದ ಒಂದೇ ಹೆಸರಿನವರು ಒಂಬತ್ತು ಜನರಾಗಿದ್ದಾರೆ. ಇವರೆಲ್ಲ ಒಬ್ಬರೇ ಇರಬಹುದೇ ಎಂದು ಕಂಪ್ಯೂಟರು ಮೇಲಿಂದ ಮೇಲೆ ಕೇಳುತ್ತದಂತೆ. ಕರೂರು ಹೋಬಳಿಗೆ ಹೋಗಲು ಈಗ ಲಾಂಚಿಗಾಗಿ ಕಾಯಬೇಕಾಗಿಲ್ಲ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದ ಮೇಲೆ ಆಚೆ ದಡದಲ್ಲಿ ಉಳಿದಿರುವ ಮನೆಗಳಿಗೂ ಹೋಗಿ ಕೇಳುವುದು ಸುಲಭವಾಗಿದೆ. ಅಲ್ಲಿ ನೋಡಬೇಕಾದ ಮನೆಗಳು ಇನ್ನೂ ನಾಲ್ಕಿವೆ.

ತೀರ್ಥಹಳ್ಳಿಯ ದೊಡ್ಡಪ್ಪನವರು ತೀರಿಕೊಂಡರು. ಸುದ್ದಿ ದೂರವಾಣಿಯಲ್ಲಿ ಬಂದಿತು. ಮೂವರು ಅಣ್ಣತಮ್ಮಂದಿರ ತಂದೆ ನನಗೆ ಏಳನೆಯ ತಲೆ. ಆದ್ದರಿಂದ ಸಾಗರದಲ್ಲಿ ನಾವು, ನಗರ ಹೋಬಳಿಯಲ್ಲಿ ಅವರು ಹತ್ತು ದಿನದ ಸೂತಕ ಹಿಡಿದೆವು. ನನ್ನ ಮಗನಿಗೆ ಅದೇ ಪುರುಷನು ಎಂಟನೆಯ ತಲೆಯಾಗುವುದರಿಂದ ಅವನಿಗೆ ಮೂರೇ ದಿನವೇ, ಒಂದೇ ಮನೆಯಲ್ಲಿದ್ದು ಎರಡು ಲೆಕ್ಕ ಹೇಗೆ ಎಂದು ಪುರೋಹಿತರ ಹತ್ತಿರ ಚರ್ಚೆಯಾಯಿತು. ಅವರು ಮುಚ್ಚಳಿಕೆಯ ನಕಲನ್ನು ತರಿಸಿಕೊಂಡು, ಬೆರಳು ಮಡಿಸಿ ಎಣಿಸಿ, ಮೂರು ದಿನವೆಂದರು.